ಲೆಕ್ಕದ ಕಟ್ಟೆ: ಸೂತ್ರ ಆಮೇಲೆ, ಮೊದಲು ಪಟ್ಟಿ ಮಾಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಾವಣಗೆರೆ, ಚಿತ್ರದುರ್ಗದ ಕಡೆಯವು. ಅದರಲ್ಲೂ ಹೆಚ್ಚಿನವು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್, ಅಂದರೆ ಬಿಡಿಬಿಡಿಯಾಗಿ ಎಣಿಸಬಹುದಾದವುಗಳ ಗಣಿತದ ಬಗ್ಗೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು ಅಂತ ಕಾಣುತ್ತದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ 96 ಬಂದಿತ್ತು. ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಅಂದ್ರೆ ನೀರು ಕುಡಿದಷ್ಟು ಸುಲಭ. ಈಗ ಡಿಸ್ಕ್ರೀಟ್ ಮ್ಯಾಥ್ಸ್ ಇಂಟರ್ನಲ್ಸ್‌ನಲ್ಲಿ 50ಕ್ಕೆ 14. ಲೆಕ್ಕ ಓದಿದರೆ ಯಾವ ಸೂತ್ರ ಹಾಕಬೇಕು ಅಂತಲೇ ತಿಳಿಯಲ್ಲ. ಎನ್‌ಸಿಆರ್ (ಕ್ರಮ ಲೆಕ್ಕಿಸದ ಆಯ್ಕೆ) ಹಾಕಬೇಕಾ, ಎನ್‌ಪಿಆರ್ (ಕ್ರಮ ಲೆಕ್ಕಿಸುವ ಜೋಡಣೆ) ಹಾಕಬೇಕಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ 96 ಸುಳ್ಳಲ್ಲ, 14ಕ್ಕೆ ಕಂಗೆಡಬೇಕಾಗಿಯೂ ಇಲ್ಲ. ಪಿಯುಸಿಯಲ್ಲಿ ಲೆಕ್ಕ ನೋಡಿದ ಕೂಡಲೇ ಅದು ಯಾವ ಜಾತಿಯ ಲೆಕ್ಕ ಅಂತ ಗೊತ್ತಾಗುತ್ತಿತ್ತು. ಆಮೇಲೆ ಕೈ ತಾನಾಗಿ ಓಡುತ್ತಿತ್ತು. ಈ ವಿಷಯದಲ್ಲಿ ಕೈಗೆ ಕೆಲಸ ಕಡಿಮೆ. ಲೆಕ್ಕ ಏನು ಕೇಳುತ್ತಿದೆ ಅಂತ ಸರಿಯಾಗಿ ಓದುವುದೇ ಮುಕ್ಕಾಲು ಕೆಲಸ.

ಊರಿನದೇ ಒಂದು ಲೆಕ್ಕ ಹಾಕೋಣ. ಐದು ಜನ ಗೆಳೆಯರು ಬೆಣ್ಣೆ ದೋಸೆ ಹೋಟೆಲಿಗೆ ಹೋದಿರಿ. ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ ಮೂರೂ ಇವೆ. ಒಬ್ಬೊಬ್ಬರಿಗೆ ಒಂದೊಂದು. ಎಷ್ಟು ಬಗೆಯಲ್ಲಿ ಆರ್ಡರ್ ಕೊಡಬಹುದು?

ಸಪ್ಲೈಯರ್ ಕಣ್ಣಲ್ಲಿ ನೋಡಿ. ಯಾರ ಮುಂದೆ ಯಾವ ಪ್ಲೇಟ್ ಇಡಬೇಕು ಅನ್ನುವುದು ಅವನಿಗೆ ಮುಖ್ಯ. ಒಬ್ಬೊಬ್ಬರಿಗೂ ಮೂರು ಆಯ್ಕೆ, ಐದು ಜನ, ಅಂದರೆ ಮೂರನ್ನು ಐದು ಸಲ ಗುಣಿಸಿದರೆ 243. ಈಗ ಒಲೆ ಮುಂದೆ ಕಾವಲಿ ಹತ್ತಿರ ನಿಂತವನ ಕಣ್ಣಲ್ಲಿ ನೋಡಿ. ಯಾರಿಗೆ ಯಾವುದು ಅನ್ನುವುದು ಅವನಿಗೆ ಬೇಕಿಲ್ಲ, ಯಾವುದು ಎಷ್ಟು ಅಂತ ಗೊತ್ತಾದರೆ ಸಾಕು. 'ಎರಡು ಬೆಣ್ಣೆ, ಎರಡು ಖಾಲಿ, ಒಂದು ಓಪನ್' ಅಂತ ಕೂಗಿದರೆ ಮುಗಿಯಿತು. ಅವನ ಲೆಕ್ಕದಲ್ಲಿ ಉತ್ತರ ಬರೀ 21. ಹೇಗೆ ಅಂದರೆ, ಐದು ದೋಸೆಗಳನ್ನು ಸಾಲಾಗಿ ಇಡಿ, ಮೂರು ಬಗೆಯನ್ನು ಬೇರೆ ಮಾಡಲು ನಡುವೆ ಎರಡು ಗೆರೆ ಎಳೆಯಿರಿ. ಒಟ್ಟು ಏಳು ಜಾಗ. ಅದರಲ್ಲಿ ಗೆರೆಗಳಿಗೆ ಎರಡು ಜಾಗ ಆರಿಸಬೇಕು. ಏಳರಲ್ಲಿ ಎರಡನ್ನು ಆರಿಸುವ ಬಗೆ 21. ಇನ್ನು ಗಲ್ಲಾದ ಮೇಲೆ ಕೂತವರಿಗೆ, ಮೂರಕ್ಕೂ ಒಂದೇ ರೇಟ್ ಇದ್ದರೆ, ಆರ್ಡರ್ ಇರುವುದು ಒಂದೇ ಬಗೆ: ಐದು ದೋಸೆ, ದುಡ್ಡು ಕೊಡಿ!

ಅದೇ ಟೇಬಲ್, ಅದೇ ಐದು ಜನ. 243, 21, 1 ಮೂರೂ ಸರಿ. ಯಾವುದನ್ನು ಬೇರೆ ಅಂತ ಎಣಿಸಬೇಕು, ಯಾವುದನ್ನು ಒಂದೇ ಅಂತ ಬಿಡಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡುವ ತನಕ ಯಾವ ಸೂತ್ರವೂ ನಿಮ್ಮ ಕೈ ಹಿಡಿಯಲ್ಲ. ಪರೀಕ್ಷೆಯಲ್ಲಿ 'ಡಿಸ್ಟಿಂಕ್ಟ್' (ಬೇರೆ ಬೇರೆ), 'ಐಡೆಂಟಿಕಲ್' (ಒಂದೇ ಥರ) ಅನ್ನುವ ಪದಗಳನ್ನು ಸುಮ್ನೆ ಅಂದಕ್ಕೆ ಹಾಕಿರಲ್ಲ. ಅವುಗಳ ಕೆಳಗೆ ಗೆರೆ ಎಳೆಯಿರಿ.

ಮನೆಯಲ್ಲಿ ಮಾಡುವಾಗ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಿ. ಲೆಕ್ಕದಲ್ಲಿ ಹತ್ತು ಜನ ಇದ್ದರೆ ಮೂರೇ ಜನ ಅಂದುಕೊಳ್ಳಿ, ಮೂರು ಬಗೆ ಇದ್ದರೆ ಎರಡೇ ಅಂದುಕೊಳ್ಳಿ. ಆಮೇಲೆ ಎಲ್ಲವನ್ನೂ ಕೈಯಲ್ಲಿ ಬರೆದು ಪಟ್ಟಿ ಮಾಡಿ. ಮೂರು ಜನ, ಎರಡು ಬಗೆ ದೋಸೆ ಅಂದರೆ ಸಪ್ಲೈಯರ್‌ಗೆ 8, ಕಾವಲಿಯವನಿಗೆ 4. ಪಟ್ಟಿ ಕಣ್ಣ ಮುಂದೆ ಇದ್ದಾಗ ಸೂತ್ರ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇದು ಚಿಕ್ಕ ಮಕ್ಕಳ ಕೆಲಸ ಅಂತ ಹಾಸ್ಟೆಲಿನಲ್ಲಿ ಯಾರಾದರೂ ನಕ್ಕರೆ ನಗಲಿ ಬಿಡಿ.

ಪ್ರಶ್ನೆ: 'ಪಿ ಆದರೆ ಕ್ಯೂ' ಅನ್ನುವುದಕ್ಕೆ ಟ್ರೂತ್ ಟೇಬಲ್ (ಯಾವಾಗ ನಿಜ, ಯಾವಾಗ ಸುಳ್ಳು ಅನ್ನುವ ಪಟ್ಟಿ) ಬರೆಯುವಾಗ, ಪಿ ಸುಳ್ಳಾಗಿದ್ದರೆ ಕ್ಯೂ ಏನೇ ಇರಲಿ, ಇಡೀ ವಾಕ್ಯ ನಿಜ ಅಂತಾರೆ. ಬಾಯಿಪಾಠ ಮಾಡಿದ್ದೇನೆ. ಆದರೆ ಮನಸ್ಸು ಒಪ್ಪುತ್ತಿಲ್ಲ ಸರ್. ಸುಳ್ಳಿನಿಂದ ನಿಜ ಹೇಗೆ ಬರುತ್ತದೆ?
(ಬಿಎಸ್‌ಸಿ ವಿದ್ಯಾರ್ಥಿನಿ, ಜಗಳೂರು)

ಉತ್ತರ: ಒಪ್ಪದೇ ಇರುವುದೇ ಒಳ್ಳೆಯದಮ್ಮ, ಸುಮ್ನೆ ಬಾಯಿಪಾಠ ಮಾಡುವವರಿಗಿಂತ ನೀವು ಒಂದು ಹೆಜ್ಜೆ ಮುಂದೆ ಇದ್ದೀರಿ. ಇಲ್ಲಿ ಸುಳ್ಳಿನಿಂದ ನಿಜ ಹುಟ್ಟುತ್ತಿಲ್ಲ. ಮಾತು ಮುರಿದಿದೆಯೋ ಇಲ್ಲವೋ ಅಂತ ಅಷ್ಟೇ ನೋಡುತ್ತಿದ್ದೇವೆ.

ಹಾಸ್ಟೆಲ್ ಗೇಟಿನಲ್ಲಿ ಒಂದು ನಿಯಮ ಇದೆ ಅಂತಿಟ್ಟುಕೊಳ್ಳಿ: 'ರಾತ್ರಿ 9ರ ಮೇಲೆ ಬಂದವರು ರಿಜಿಸ್ಟರ್‌ನಲ್ಲಿ ಸಹಿ ಮಾಡಬೇಕು.' ಬೆಳಿಗ್ಗೆ ವಾರ್ಡನ್ ಪರಿಶೀಲನೆಗೆ ಬಂದರು. 8 ಗಂಟೆಗೇ ಬಂದವಳು ಸಹಿ ಮಾಡಿಲ್ಲ. ನಿಯಮ ಮುರಿದಳಾ? ಇಲ್ಲ. 8ಕ್ಕೆ ಬಂದರೂ ಇನ್ನೊಬ್ಬಳು ಸಹಿ ಮಾಡಿದ್ದಾಳೆ. ಅವಳು ಮುರಿದಳಾ? ಅವಳೂ ಇಲ್ಲ. 10 ಗಂಟೆಗೆ ಬಂದು ಸಹಿ ಮಾಡದೆ ಸದ್ದಿಲ್ಲದೆ ಒಳಗೆ ಹೋದವಳೊಬ್ಬಳೇ ಸಿಕ್ಕಿಬೀಳುವವಳು. ಟ್ರೂತ್ ಟೇಬಲಿನ ನಾಲ್ಕು ಸಾಲಿನಲ್ಲಿ ಒಂದೇ ಒಂದು 'ಸುಳ್ಳು' ಇರುವುದು ಈ ಕಾರಣಕ್ಕೆ.

ಇದರ ಹಿಂದೆಯೇ ಇನ್ನೊಂದು ಬರುತ್ತದೆ. ವಾರ್ಡನ್ ಯಾರ್ಯಾರನ್ನು ಕರೆದು ವಿಚಾರಿಸಬೇಕು? 9ರ ಮೇಲೆ ಬಂದವರನ್ನು, ಸಹಿ ಮಾಡದವರನ್ನು. ಸಹಿ ಮಾಡಿದವರನ್ನು ಕರೆದು ಏನೂ ಪ್ರಯೋಜನ ಇಲ್ಲ. ಆದರೆ ಇದೇ ಲೆಕ್ಕ ಅಕ್ಷರ, ಅಂಕಿ ಬರೆದ ಕಾರ್ಡುಗಳಲ್ಲಿ ಬಂದರೆ ಎಷ್ಟೋ ಜನ ಆರಿಸುವುದು ಇಂಥ ಪ್ರಯೋಜನ ಇಲ್ಲದ್ದನ್ನೇ! ಬ್ರಿಟನ್ನಿನ ಮನಃಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ನಾಲ್ಕು ಕಾರ್ಡುಗಳನ್ನಿಟ್ಟು ಇದೇ ಬಗೆಯ ಪರೀಕ್ಷೆ ರೂಪಿಸಿದರು. ಓದಿದವರೂ ಅದರಲ್ಲಿ ಎಡವುತ್ತಾರೆ. 'ಸಹಿ ಇಲ್ಲದಿದ್ದರೆ 9ರ ಒಳಗೆ ಬಂದಿದ್ದಾರೆ' ಅನ್ನುವುದು ಕಾಂಟ್ರಾಪಾಸಿಟಿವ್, ಅದು ಮೂಲ ಮಾತಿಗೆ ಸಮ. 'ಸಹಿ ಇದ್ದರೆ ತಡವಾಗಿ ಬಂದಿದ್ದಾರೆ' ಅನ್ನುವುದು ಕಾನ್ವರ್ಸ್, ಅದು ಬೇರೆಯೇ ಮಾತು. ಇವೆರಡನ್ನು ಕಲಸುಮೇಲೋಗರ ಮಾಡಿಕೊಂಡರೆ ಮುಂದೆ ಒಂದು ಪ್ರೂಫನ್ನೂ ಸರಿಯಾಗಿ ಬರೆಯಲು ಆಗಲ್ಲ.

ಪ್ರಶ್ನೆ: ಇಂಡಕ್ಷನ್‌ನಲ್ಲಿ 'ಕೆಗೆ ನಿಜ ಅಂತ ಇಟ್ಟುಕೊಳ್ಳಿ' ಅಂತಾರೆ. ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡರೆ ಅದು ಮೋಸ ಅಲ್ವಾ?
(ಹರಿಹರ)

ಉತ್ತರ: ಅಲ್ಲ. ಇಂಡಕ್ಷನ್ ಅಂದರೆ ಒಂದು ಮಾತು ಒಂದು ಸಂಖ್ಯೆಯಿಂದ ಶುರುವಾಗಿ ಮುಂದಿನ ಎಲ್ಲ ಸಂಖ್ಯೆಗೂ ನಿಜ ಅಂತ ಹೆಜ್ಜೆ ಹೆಜ್ಜೆಯಾಗಿ ಸಾಧಿಸುವ ಬಗೆ, ಕೆ ಅಂದರೆ ಅದರಲ್ಲಿ ಯಾವುದೋ ಒಂದು ಸಂಖ್ಯೆ. ಕೆಗೆ ನಿಜ ಅಂತ ಯಾರೂ ಹೇಳುತ್ತಿಲ್ಲ. ಕೆಗೆ ನಿಜವಾಗಿದ್ದರೆ ಅದರ ಮುಂದಿನದಕ್ಕೂ ನಿಜ ಅಂತಷ್ಟೇ ತೋರಿಸುತ್ತಿದ್ದೇವೆ. ಶುರು ಎಲ್ಲಿಂದ ಅನ್ನುವುದನ್ನು ಬೇರೆಯಾಗಿ ತೋರಿಸಬೇಕು.

ಮಂಡಕ್ಕಿ ಅಂಗಡಿಯಲ್ಲಿ 3 ಕೆಜಿ ಚೀಲ, 5 ಕೆಜಿ ಚೀಲ ಎರಡೇ ಇವೆ, ಬಿಡಿಸಿ ಕೊಡಲ್ಲ. 8 ಕೆಜಿಯಿಂದ ಮೇಲೆ ಎಷ್ಟು ಕೆಜಿ ಕೇಳಿದರೂ ಕೊಡಬಹುದು ಅಂತ ಸಾಧಿಸಬೇಕು. 8 ಅಂದರೆ ಒಂದು ಮೂರರದು, ಒಂದು ಐದರದು. ಶುರು ಆಯಿತು. ಈಗ ಕೆ ಕೆಜಿ ಹೇಗೋ ಜೋಡಿಸಿದ್ದೀರಿ, ಗಿರಾಕಿ ಇನ್ನೊಂದು ಕೆಜಿ ಜಾಸ್ತಿ ಕೇಳಿದ. ಜೋಡಿಸಿದ್ದರಲ್ಲಿ 5ರ ಚೀಲ ಒಂದಾದರೂ ಇದ್ದರೆ ಅದನ್ನು ತೆಗೆದು ಎರಡು 3ರ ಚೀಲ ಇಡಿ. ಐದು ಹೋಗಿ ಆರು ಬಂತು. 5ರ ಚೀಲವೇ ಇಲ್ಲ ಅಂದರೆ? ಎಲ್ಲವೂ 3ರವು, ಒಟ್ಟು 8ಕ್ಕೆ ಕಡಿಮೆ ಇಲ್ಲ, ಹಾಗಾದರೆ ಮೂರು ಚೀಲವಾದರೂ ಇರಲೇಬೇಕು. ಆ ಮೂರನ್ನು ತೆಗೆದು ಎರಡು 5ರವು ಇಡಿ. ಒಂಬತ್ತು ಹೋಗಿ ಹತ್ತು. ಪ್ರೂಫ್ ಮುಗಿಯಿತು. ಇದರಲ್ಲಿ ಮೋಸ ಎಲ್ಲಿದೆ ಹೇಳಿ? ಕೆಗೆ ಹೇಗೆ ಜೋಡಿಸಿದ್ದೀರಿ ಅಂತ ನಾನು ಕೇಳಲೇ ಇಲ್ಲ, ಜೋಡಿಸಿದ್ದರೆ ಮುಂದೇನು ಅಂತ ಮಾತ್ರ ಹೇಳಿದೆ.

ಶುರು ಬಿಟ್ಟರೆ ಏನಾಗುತ್ತದೆ ಅಂತಲೂ ನೋಡಿ. 'ಪ್ರತಿ ಸಂಖ್ಯೆಯೂ ಅದರ ಮುಂದಿನ ಸಂಖ್ಯೆಗೆ ಸಮ' ಅನ್ನಿ. ಕೆಗೆ ನಿಜವಾಗಿದ್ದರೆ ಎರಡೂ ಕಡೆ ಒಂದು ಕೂಡಿಸಿ, ಮುಂದಿನದಕ್ಕೂ ನಿಜ! ಹೆಜ್ಜೆ ಪಕ್ಕಾ ಸರಿ ಇದೆ. ಆದರೆ 1 ಮತ್ತು 2 ಸಮ ಅಂತ ಯಾರೂ ತೋರಿಸಲು ಆಗಲ್ಲವಲ್ಲ. ಬೇಸಿಸ್ ಸ್ಟೆಪ್‌ಗೆ (ಅಂದರೆ ಈ ಶುರುವಿಗೆ) ಅಂಕ ಕಡಿಮೆ ಅಂತ ಬಿಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಪ್ರಶ್ನೆ: ನಾನು 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಎಂಜಿನಿಯರಿಂಗ್ ಓದುವ ಮೊಮ್ಮಗ 'ತಾತ, ನೀವು ಕಲಿಸುತ್ತಿದ್ದ ಛಂದಸ್ಸು ನಮ್ಮ ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲೇ ಇದೆ' ಅಂತಾನೆ. ತಮಾಷೆ ಮಾಡುತ್ತಿದ್ದಾನೋ, ನಿಜವೋ?
(ಹೊಸದುರ್ಗ)

ಉತ್ತರ: ನಿಜ ಮೇಷ್ಟ್ರೇ. ನಿಮ್ಮ ಮೊಮ್ಮಗ ಜಾಣ. ಈ ತಿಂಗಳು ನನಗೆ ತುಂಬಾ ಖುಷಿ ಕೊಟ್ಟ ಪತ್ರ ಇದು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಕ್ಷರ ಗಣ ಎಂಟೇ ಯಾಕೆ? ಮೂರು ಅಕ್ಷರ, ಒಂದೊಂದೂ ಲಘು ಅಥವಾ ಗುರು. ಎರಡು, ಎರಡು, ಎರಡು ಗುಣಿಸಿದರೆ 8. ಒಂಬತ್ತನೇ ಗಣ ಬೇಕೆಂದರೂ ಹುಟ್ಟಲ್ಲ. ಮೊಮ್ಮಗನ ಪುಸ್ತಕದಲ್ಲಿ ಇದಕ್ಕೆ ಪ್ರಾಡಕ್ಟ್ ರೂಲ್ ಅಂತ ಹೆಸರು.

ಮಾತ್ರಾ ಗಣಕ್ಕೆ ಬನ್ನಿ, ಮಜಾ ಇರುವುದು ಅಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆ? ಮೂರು ಲಘು, ಲಘು-ಗುರು, ಗುರು-ಲಘು. ಮೂರೇ. ನಾಲ್ಕು ಮಾತ್ರೆಗೆ? ನಾಲ್ಕು ಲಘು, ಗುರು-ಲಘು-ಲಘು, ಲಘು-ಗುರು-ಲಘು, ಲಘು-ಲಘು-ಗುರು, ಗುರು-ಗುರು. ಐದು. ಐದು ಮಾತ್ರೆಗೆ ಎಂಟು ಬರುತ್ತದೆ, ಬರೆದು ನೋಡಿ. 1, 2, 3, 5, 8 ಅಂತ ಸಾಲು ಬೆಳೆಯುತ್ತದೆ. ಕಾರಣ ಸರಳ. ಗಣದ ಕೊನೆಯ ಅಕ್ಷರ ಲಘು ಆಗಿದ್ದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆಯ ಗಣ ಇರುತ್ತದೆ, ಗುರು ಆಗಿದ್ದರೆ ಎರಡು ಮಾತ್ರೆ ಕಡಿಮೆಯದು. ಹಾಗಾಗಿ ಹಿಂದಿನ ಎರಡು ಉತ್ತರ ಕೂಡಿಸಿದರೆ ಮುಂದಿನದು ಸಿಗುತ್ತದೆ. ರಿಕರೆನ್ಸ್ ರಿಲೇಷನ್ ಅಂದರೆ ಇಷ್ಟೇ.

ಈ ಸಾಲನ್ನು ಇಡೀ ಜಗತ್ತು ಫಿಬೊನಾಚಿ ಸಂಖ್ಯೆಗಳು ಅಂತ ಕರೆಯುತ್ತದೆ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕದಲ್ಲಿ ಅದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲೇ, ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಮಾತ್ರಾ ವೃತ್ತಗಳನ್ನು ಎಣಿಸುತ್ತಾ ಇದೇ ನಿಯಮ ಹೇಳಿದ್ದ. ಅವನಿಗಿಂತ ಎಷ್ಟೋ ಹಿಂದೆ ಛಂದಸ್ಸಿನ ವಿದ್ವಾಂಸ ವಿರಹಾಂಕನೂ ಹೇಳಿದ್ದ. ಇದನ್ನು ಹಿಡಿದುಕೊಂಡು 'ಎಲ್ಲ ನಮ್ಮ ಹಿರಿಯರೇ ಕಂಡುಹಿಡಿದಿದ್ದರು, ಕಂಪ್ಯೂಟರ್ ಕೂಡ' ಅಂತ ಭಾಷಣ ಬಿಗಿಯುವವರ ಸಹವಾಸ ಬೇಡ. ಛಂದಸ್ಸಿನವರು ಪದ್ಯಕ್ಕಾಗಿ ಎಣಿಸಿದರು, ಚೆನ್ನಾಗಿ ಎಣಿಸಿದರು. ಅದಿಷ್ಟೇ ಸಾಕು.

ನಿಮಗೆ ಇಷ್ಟದ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಒಟ್ಟು ಬಗೆ 3, 5, 3, 5 ಗುಣಿಸಿದರೆ 225. ಲಘುವಾದ ಕೂಡಲೇ ಗುರು ಬಂದು ಶುರುವಾಗುವ ಗಣ ಬೇಡ ಅನ್ನುವ ನಿಯಮ ಹಾಕಿದರೆ ಮೂರು ಮಾತ್ರೆಯಲ್ಲಿ ಒಂದು, ನಾಲ್ಕು ಮಾತ್ರೆಯಲ್ಲಿ ಒಂದು ಬಿದ್ದು ಹೋಗುತ್ತದೆ. ಉಳಿದದ್ದು 2, 4, 2, 4. ಗುಣಿಸಿದರೆ 64. ನಿಯಮ ಒಂದು, ಹತ್ತಿರಹತ್ತಿರ ಮುಕ್ಕಾಲು ಪಾಲು ಸಾಲುಗಳಿಗೆ ಬಾಗಿಲು ಬಂದ್!

ಇನ್ನೊಂದು ಇದೆ. ಎಂಟು ಅಕ್ಷರ ಗಣ ನೆನಪಿಡುವ 'ಯಮಾತಾರಾಜಭಾನಸಲಗಂ' ಸೂತ್ರ ನಿಮಗೆ ನಿದ್ದೆಯಲ್ಲೂ ಬರುತ್ತದೆ. ಹತ್ತು ಅಕ್ಷರ. ಮೊದಲಿನಿಂದ ಮೂರು ಮೂರು ಅಕ್ಷರ ತೆಗೆಯುತ್ತಾ, ಪ್ರತಿ ಸಲ ಒಂದೊಂದೇ ಅಕ್ಷರ ಮುಂದೆ ಸರಿದರೆ, ಯಮಾತಾ, ಮಾತಾರಾ, ತಾರಾಜ ಹೀಗೆ ಎಂಟೂ ಗಣ ಒಂದೊಂದು ಸಲ ಮಾತ್ರ ಬರುತ್ತವೆ. ಕೊನೆಯ 'ಲಗಂ' ಮತ್ತು ಮೊದಲ 'ಯಮಾ' ಎರಡೂ ಲಘು-ಗುರು. ಅವನ್ನು ಒಂದರ ಮೇಲೊಂದು ಕೂರಿಸಿ ಬಳೆ ಮಾಡಿದರೆ ಎಂಟೇ ಅಕ್ಷರದಲ್ಲಿ ಎಂಟು ಗಣ ಮುಗಿಯುತ್ತದೆ. ಇಂಥ ಬಳೆಗಳ ಮೇಲೆ ನೆದರ್‌ಲೆಂಡ್ಸ್‌ನ ಗಣಿತಜ್ಞ ಡಿ ಬ್ರುಯಿನ್ 1946ರಲ್ಲಿ ಲೇಖನ ಬರೆದ ಮೇಲೆ ಅವಕ್ಕೆ ಅವನದೇ ಹೆಸರು ಅಂಟಿಕೊಂಡಿದೆ. ನಾಲ್ಕು ಅಕ್ಷರಕ್ಕೆ ಇಂಥ ಬಳೆ ಕಟ್ಟಲು ಮೊಮ್ಮಗನಿಗೆ ಹೇಳಿ. 16 ಅಕ್ಷರ ಬೇಕಾಗುತ್ತದೆ. ಒಂದು ಭಾನುವಾರ ಮನೆಯಲ್ಲಿ ಸದ್ದಿರಲ್ಲ.

ಪ್ರಶ್ನೆ: ಮಗಳು ಬಿಸಿಎ ಸೇರಿದ್ದಾಳೆ. ಕಂಪ್ಯೂಟರ್ ಕಲಿಯೋಕೆ ಹೋದವಳಿಗೆ ಸೆಟ್, ರಿಲೇಷನ್, ಗ್ರೂಪ್ ಅಂತ ಈ ಗಣಿತ ಎಲ್ಲ ಯಾಕೆ? ಕೆಲಸಕ್ಕೆ ಏನಾದರೂ ಉಪಯೋಗ ಇದೆಯಾ?
(ತಾಯಿ, ಚಿತ್ರದುರ್ಗ)

ಉತ್ತರ: ಅಕ್ಕಾರೆ, ನಿಮ್ಮ ಆಧಾರ್ ಕಾರ್ಡ್ ತೆಗೆಯಿರಿ. 12 ಅಂಕಿ ಇದೆಯಲ್ಲ, ಅದರಲ್ಲಿ ಕೊನೆಯದು ಹಿಂದಿನ 11ರಿಂದ ಲೆಕ್ಕ ಹಾಕಿ ಬಂದದ್ದು. ಯಾರಾದರೂ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ, ಅಥವಾ ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ 47 ಬದಲು 74 ಒತ್ತಿದರೆ, ಕೊನೆಯ ಅಂಕಿ ತಾಳೆ ಆಗಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಬ್ಯಾಂಕ್ ಕಾರ್ಡುಗಳಲ್ಲೂ ಇಂಥದ್ದೇ ಒಂದು ಲೆಕ್ಕ ಇದೆ, ಆದರೆ ಅದು 09 ಇದ್ದದ್ದು 90 ಆದರೆ ಹಿಡಿಯಲ್ಲ. ಆಧಾರ್‌ನದು ಹಿಡಿಯುತ್ತದೆ. ಅದು ಯಾಕೆ ಅಂದರೆ, 1969ರಲ್ಲಿ ಫೆರ್ಹೂಫ್ ಅನ್ನುವ ನೆದರ್‌ಲೆಂಡ್ಸ್ ಗಣಿತಜ್ಞ ಮಾಮೂಲಿ ಕೂಡುವ ಲೆಕ್ಕ ಬಿಟ್ಟು, ಐದು ಮೂಲೆಯ ಆಕೃತಿಯನ್ನು ತಿರುಗಿಸುವ, ಮಗುಚುವ ಹತ್ತು ಬಗೆಗಳ ಗ್ರೂಪ್ (ಯಾವ ಎರಡನ್ನು ಒಂದಾದ ಮೇಲೊಂದು ಮಾಡಿದರೂ ಆ ಹತ್ತರಲ್ಲೇ ಒಂದು ಬರುವ ಗುಂಪು) ಬಳಸಿದ. ಅದರಲ್ಲಿ ಮೊದಲು ತಿರುಗಿಸಿ ಆಮೇಲೆ ಮಗುಚುವುದೇ ಬೇರೆ, ಮೊದಲು ಮಗುಚಿ ಆಮೇಲೆ ತಿರುಗಿಸುವುದೇ ಬೇರೆ. ಹಿಂದುಮುಂದಾದರೆ ಉತ್ತರ ಬದಲಾಗುವ ಆ ಗುಣಕ್ಕೆ ಅಂಕಿಯ ಜಾಗ ನೋಡಿ ಸೇರಿಸುವ ಇನ್ನೊಂದು ಅದಲುಬದಲನ್ನೂ ಜೋಡಿಸಿದ. ನಿಮ್ಮ ಮಗಳು 'ಗ್ರೂಪ್' ಅಂತ ಗೊಣಗುತ್ತಾ ಓದುತ್ತಿರುವುದು ಇದನ್ನೇ.

ಇನ್ನು ಲಾಜಿಕ್. ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ಅದಕ್ಕೆ ಬೀಜಗಣಿತದ ರೂಪ ಕೊಟ್ಟು ಪುಸ್ತಕ ಬರೆದಾಗ ಅದರಿಂದ ಮೂರು ಕಾಸಿನ ಉಪಯೋಗ ಕಾಣುತ್ತಿರಲಿಲ್ಲ. 1937ರಲ್ಲಿ ಕ್ಲಾಡ್ ಶ್ಯಾನನ್ ಅನ್ನುವ ಅಮೆರಿಕದ ಎಂಐಟಿ ವಿದ್ಯಾರ್ಥಿ ಸ್ವಿಚ್ಚುಗಳನ್ನು ಜೋಡಿಸಿ ಆ ಬೀಜಗಣಿತವನ್ನೇ ಮಾಡಿಸಬಹುದು ಅಂತ ತೋರಿಸಿದ. ಈಗ ಕೈಯಲ್ಲಿರುವ ಮೊಬೈಲ್ ಅದರ ಮೇಲೆ ನಿಂತಿದೆ. ಕೆಲಸದ ಇಂಟರ್‌ವ್ಯೂನಲ್ಲಿ ಗ್ರೂಪ್ ಬಗ್ಗೆ ಕೇಳುವುದು ಅಪರೂಪ. ಗ್ರಾಫ್, ರಿಕರ್ಷನ್, ಎಣಿಕೆ ಬಗ್ಗೆ ಸಾಮಾನ್ಯವಾಗಿ ಕೇಳುತ್ತಾರೆ.

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಆರೂ ತಾಲೂಕು ಕೇಂದ್ರ ಸುತ್ತಬೇಕು. ಹೋದ ದಾರಿಯಲ್ಲಿ ಇನ್ನೊಮ್ಮೆ ಹೋಗದೆ ಎಲ್ಲ ದಾರಿಯನ್ನೂ ಬೈಕಿನಲ್ಲಿ ಮುಗಿಸಬಹುದಾ? ಗ್ರಾಫ್ ಥಿಯರಿಯಲ್ಲಿ ಇದಕ್ಕೆ ಉತ್ತರ ಇದೆ ಅಂತ ಕೇಳಿದ್ದೇನೆ.
(ಹಿರಿಯೂರು)

ಉತ್ತರ: ಇದೆ. ಊರನ್ನು ಚುಕ್ಕಿ, ದಾರಿಯನ್ನು ಗೆರೆ ಅಂತ ನೋಡಿ ಲೆಕ್ಕ ಹಾಕುವುದೇ ಗ್ರಾಫ್ ಥಿಯರಿ. ಊರೂರಿನ ಸಣ್ಣ ದಾರಿಗಳನ್ನು ಬಿಟ್ಟು ಏಳು ದಾರಿಗಳನ್ನಷ್ಟೇ ಇಟ್ಟುಕೊಳ್ಳೋಣ. ದುರ್ಗದಿಂದ (ಚಿತ್ರದುರ್ಗ) ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆಗೆ ಒಂದೊಂದು. ಚಳ್ಳಕೆರೆಯಿಂದ ಹಿರಿಯೂರಿಗೆ, ಮೊಳಕಾಲ್ಮೂರಿಗೆ. ಹೊಳಲ್ಕೆರೆಯಿಂದ ಹೊಸದುರ್ಗ. ಹೊಸದುರ್ಗದಿಂದ ಹಿರಿಯೂರು.

ಒಂದೊಂದು ಊರಿಗೆ ಎಷ್ಟು ದಾರಿ ಸೇರುತ್ತದೆ ಎಣಿಸಿ. ದುರ್ಗಕ್ಕೆ 3, ಚಳ್ಳಕೆರೆಗೆ 3, ಹಿರಿಯೂರಿಗೆ 3, ಮೊಳಕಾಲ್ಮೂರಿಗೆ 1, ಉಳಿದೆರಡಕ್ಕೆ 2. ದಾರಿಯ ನಡುವೆ ಸಿಗುವ ಊರಿಗೆ ಒಂದು ದಾರಿಯಲ್ಲಿ ಬಂದರೆ ಇನ್ನೊಂದರಲ್ಲಿ ಹೊರಡಬೇಕು, ಹಾಗಾಗಿ ಅಲ್ಲಿ ದಾರಿಗಳು ಜೋಡಿಯಾಗಿಯೇ ಖರ್ಚಾಗುತ್ತವೆ. ಬೆಸ ಸಂಖ್ಯೆಯ ದಾರಿ ಇರುವ ಊರು ಒಂದೋ ಶುರು ಆಗಬೇಕು, ಇಲ್ಲ ಕೊನೆ ಆಗಬೇಕು. ಅಂಥವು ಎರಡಕ್ಕಿಂತ ಜಾಸ್ತಿ ಇರುವಂತಿಲ್ಲ. ನಿಮ್ಮಲ್ಲಿ ನಾಲ್ಕಿವೆ. ಆಗಲ್ಲ ಸ್ವಾಮಿ, ಎಷ್ಟು ಪೆಟ್ರೋಲ್ ಸುಟ್ಟರೂ ಆಗಲ್ಲ.

1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಸೇತುವೆಗಳ ಬಗ್ಗೆ ಹೇಳಿದ್ದು ಇದನ್ನೇ. ಅದು ಈಗ ರಷ್ಯಾದ ಕಲಿನಿನ್‌ಗ್ರಾಡ್. ಅಲ್ಲೂ ಏಳು ಸೇತುವೆ, ನದಿ ಬೇರೆ ಮಾಡಿದ ನಾಲ್ಕು ಭಾಗ, ನಾಲ್ಕಕ್ಕೂ ಬೆಸ. ಗ್ರಾಫ್ ಥಿಯರಿ ಅಲ್ಲಿಂದ ಶುರು ಅಂತಾರೆ.

ಮೊಳಕಾಲ್ಮೂರಿನ ದಾರಿಯೊಂದನ್ನು ಬಿಟ್ಟರೆ ಆಗುತ್ತದೆ. ದುರ್ಗ, ಚಳ್ಳಕೆರೆ, ಹಿರಿಯೂರು, ಮತ್ತೆ ದುರ್ಗ, ಹೊಳಲ್ಕೆರೆ, ಹೊಸದುರ್ಗ, ಕೊನೆಗೆ ಹಿರಿಯೂರು. ಮನೆ ಹತ್ತಿರವೇ ಬಂದು ಇಳಿಯುತ್ತೀರಿ. ಮೊಳಕಾಲ್ಮೂರಿಗೆ ಸೀರೆ ತರಲು ಇನ್ನೊಂದು ದಿನ ಹೋಗಿ.

ಪ್ರಶ್ನೆ: ದಾವಣಗೆರೆಯಲ್ಲಿ ತಲೆಗೂದಲಿನ ಸಂಖ್ಯೆ ಸರಿಸಮ ಇರುವ ಇಬ್ಬರು ಇದ್ದೇ ಇರುತ್ತಾರೆ ಅಂತ ಲೆಕ್ಚರರ್ ಹೇಳಿದರು. ಯಾರೂ ಎಣಿಸದೆ ಹೇಗೆ ಗೊತ್ತು?
(ನಿಟ್ಟುವಳ್ಳಿ, ದಾವಣಗೆರೆ)

ಉತ್ತರ: ಪಿಜನ್‌ಹೋಲ್ ತತ್ವ. ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಯಾವುದೋ ಗೂಡಿನಲ್ಲಿ ಎರಡು ಇರಲೇಬೇಕು. ತಲೆಗೂದಲು ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸು. ಧಾರಾಳವಾಗಿ ಎರಡು ಲಕ್ಷ ಮಿತಿ ಇಟ್ಟುಕೊಳ್ಳಿ. ಸೊನ್ನೆಯಿಂದ ಎರಡು ಲಕ್ಷದ ತನಕ 2,00,001 ಗೂಡು. 2011ರ ಜನಗಣತಿಯಲ್ಲೇ ದಾವಣಗೆರೆ ನಗರದ ಜನಸಂಖ್ಯೆ 4 ಲಕ್ಷ 30 ಸಾವಿರ ದಾಟಿದೆ. ಇಬ್ಬರೇನು, ಒಂದೇ ಸಂಖ್ಯೆಯ ಮೂವರು ಇರಲೇಬೇಕು. ಯಾರು ಅಂತ ಮಾತ್ರ ಈ ತತ್ವ ಹೇಳಲ್ಲ.

ಇದೇ ಮಾತನ್ನು ಚಿತ್ರದುರ್ಗ ನಗರಕ್ಕೆ ಹೇಳಲು ಹೋದರೆ ಲೆಕ್ಕ ನಿಲ್ಲಲ್ಲ. 2011ರಲ್ಲಿ ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷವೂ ಇರಲಿಲ್ಲ, ಗೂಡುಗಳೇ ಜಾಸ್ತಿ. ಆದರೆ ದುರ್ಗದವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಪೂರ್ತಿ ಬೋಳುತಲೆಯವರು ಇಬ್ಬರು ಸಿಕ್ಕರೆ ಇಬ್ಬರದೂ ಸೊನ್ನೆ, ತತ್ವ ಗಿತ್ವ ಏನೂ ಬೇಡ.